ಅಲುಗದ ಮೇಲ್ದುಟಿ

ವರದಿಯ ಹನ್ನೊಂದನೆಯ ಪುಟದಲ್ಲಿ ವೇರಾಳ ಪೆನ್ನು ನಿಂತಿತು. ಗಣಿಯ ಆಳದಲ್ಲಿ ಬಂಡೆ ಸಿಡಿದು ಆರು ಜನ ಸತ್ತ ದಿನದ ಬಗ್ಗೆ ಹಿಂದಿನ ಇಂಗ್ಲಿಷ್ ದೊರೆ ಬರೆದಿಟ್ಟು ಹೋದ ವರದಿ ಅದು. ರಷ್ಯಾದಿಂದ ಚಿನ್ನದ ಗಣಿಯ ಊರಿಗಾಂಗೆ ಬಂದಿದ್ದ ತಜ್ಞರಿಗಾಗಿ ಅದನ್ನು ಅವರ ಭಾಷೆಗೆ ಇಳಿಸುವುದು, ಅವರ ಜೊತೆಗೇ ಬಂದಿದ್ದ ಅವಳ ಕೆಲಸ. ಬಂಡೆ, ಬಿರುಕು, ಮರದ ಆಸರೆ, ಎಲ್ಲಕ್ಕೂ ಅವಳ ಹತ್ತಿರ ಮಾತಿತ್ತು. 'ಆ ದಿನ ಎಲ್ಲರೂ ಮೇಲ್ದುಟಿಯನ್ನು ಬಿಗಿಯಾಗಿ ಇಟ್ಟುಕೊಂಡಿದ್ದರು' ಎಂಬುದಕ್ಕೆ ಮಾತ್ರ ಇರಲಿಲ್ಲ.

ಇದು ಧೂಳಿನಿಂದ ಬರುವ ಕಾಯಿಲೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಎದುರಿಗಿದ್ದವನು ಗುಮಾಸ್ತ ಕೋದಂಡಪ್ಪ. ಇಪ್ಪತ್ತು ವರ್ಷ ದೊರೆಗಳ ಕಾಗದ ಟೈಪು ಮಾಡಿ, ಅವರ ಮಾತಿಗೆಲ್ಲ ಅರ್ಥವಿರಬೇಕೆಂಬ ಹಟ ಬಿಟ್ಟವನು. ಕಾಯಿಲೆಯಲ್ಲ, ಅಳು ಬಂದಾಗ ಅಳದೆ ಇರುವ ಪದ್ಧತಿ ಎಂದ. ಹಾಗಾದರೆ ಮಾಡಿ ತೋರಿಸಿ ಎಂದಳು ವೇರಾ. ಕೋದಂಡಪ್ಪ ಪ್ರಯತ್ನಪಟ್ಟ. ಮೀಸೆ ಅಡ್ಡ ಬಂತು.

ಕೊನೆಗೆ ಅತಿಥಿಗೃಹದ ಅಡುಗೆಯ ಕದಿರಮ್ಮನನ್ನು ಕರೆದ. ಎರಡು ವರ್ಷದ ಹಿಂದಿನವರೆಗೆ ಅವಳು ಅದೇ ದೊರೆಯ ಬಂಗಲೆಯಲ್ಲಿ ಮಗು ನೋಡಿಕೊಳ್ಳುವ ಆಯಾ ಆಗಿದ್ದಳು. ದೊರೆಗಳ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದವರು ಈಗ ಊರಿಗಾಂನಲ್ಲಿ ಬೇರೆ ಯಾರೂ ಉಳಿದಿರಲಿಲ್ಲ.

"ಕದಿರಮ್ಮಾ, ದೊರೆಗಳು ಅಳು ಬಂದ್ರೂ ಅಳದಂಗೆ ಮುಖ ಇಟ್ಕೋತಿದ್ರಲ್ಲ, ಅದನ್ನ ಈ ಅಮ್ಮನಿಗೆ ಒಂಚೂರು ತೋರ್ಸು."

"ಅದೇನ್ ದೊರೆಗೋಳಿಗೇ ಬರಕೊಟ್ಟೈತಾ?" ಕದಿರಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ನಂಗೂ ಕಲ್ಸವ್ರೆ."

ಮುಖ ಇಟ್ಟಳು. ಒಳಗೆ ಜನ ಇದ್ದೂ ಬಾಗಿಲು ಹಾಕಿಕೊಂಡ ಮನೆಯ ಹಾಗೆ ಕಂಡಿತು ಅದು. ವೇರಾ ಎದ್ದು ಹತ್ತಿರ ಬಂದು ನೋಡಿದಳು. ಸಾಕು ಎಂದ ಕೋದಂಡಪ್ಪ. ಕದಿರಮ್ಮನಿಗೆ ಆ ಮುಖ ತೆಗೆಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಕಲಿಸಿದವರು ಯಾರೆಂದು ವೇರಾ ಕೋದಂಡಪ್ಪನ ಮೂಲಕ ಕೇಳಿಸಿದಳು.

ಗಣಿ ಸರ್ಕಾರದ ಕೈಗೆ ಬಂದ ವರ್ಷ ದೊರೆ ಸಂಸಾರ ಸಮೇತ ತನ್ನ ಸೀಮೆಗೆ ಹೊರಟನಂತೆ. ಹನ್ನೊಂದು ದಿನದ ಕೂಸಾಗಿದ್ದಾಗಿನಿಂದ ಆರು ವರ್ಷ ಕದಿರಮ್ಮ ಸಾಕಿದ ಹೆಣ್ಣುಮಗು ಸೆರಗು ಬಿಡಲೊಲ್ಲದು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ದೊರೆಸಾನಿ ಇವಳನ್ನು ಪಕ್ಕಕ್ಕೆ ಕರೆದು, ನೀನು ಅತ್ತರೆ ಅದೂ ಅಳುತ್ತದೆ, ರೈಲು ಹತ್ತುವುದಿಲ್ಲ, ತುಟಿ ಗಟ್ಟಿ ಮಾಡು ಎಂದು ತನ್ನ ಭಾಷೆಯಲ್ಲೂ ಸನ್ನೆಯಲ್ಲೂ ಹೇಳಿಕೊಟ್ಟಳು. ಕದಿರಮ್ಮ ಗಟ್ಟಿ ಮಾಡಿದಳು. ಹೇಳಿದ ಕೆಲಸವನ್ನು ಅವಳು ಎಂದೂ ಅರ್ಧ ಮಾಡಿದವಳಲ್ಲ.

"ಪಾಪು ಕಿಟಕೀಲಿ ನನ್ ಮಕಾನೇ ನೋಡ್ತಿತ್ತು. ನಾನು ಇಂಗೇ ನಿಂತಿದ್ದೆ. ರೈಲು ಅಲ್ಲಾಡ್ದಾಗ, 'ಆಯಾಗೆ ನಾನು ಬ್ಯಾಡ' ಅಂತು. ನಮ್ ಮಾತಲ್ಲೇ ಅಂತು, ದೊರೆಸಾನಿಗೆ ತಿಳೀಲಿಲ್ಲ. ಆಮೇಲೆ ಆ ಕಡೆ ತಿರುಕ್ಕೊಂಡ್‌ಬಿಡ್ತು."

ಕೋದಂಡಪ್ಪ ಮಸಿಯ ಕುಡಿಕೆಯನ್ನೇ ನೋಡುತ್ತ ಇದನ್ನು ಇಂಗ್ಲಿಷಿಗೆ ದಾಟಿಸಿದ. ವೇರಾ ಏನನ್ನೂ ಬರೆದುಕೊಳ್ಳಲಿಲ್ಲ.

"ರೈಲು ಒಂಟೋದ್ಮೇಲೆ ಅತ್ತೆ ನಾನು. ಅದು ಪಾಪುಗೆ ಗೊತ್ತಿಲ್ಲ," ಎಂದಳು ಕದಿರಮ್ಮ. ಆಮೇಲೆ ದನಿ ತಗ್ಗಿಸಿ, "ಈಯಮ್ಮನ ಊರಿಂದ ಲಂಡನ್ನು ಎಷ್ಟು ದೂರ ಕೇಳಿ. ಬೂದಿಕೋಟೆಯಿಂದ ಬಂಗಾರಪೇಟೆಗೆ ಇದ್ದಂಗಾ?"

ಗೋಡೆಯ ಮೇಲೆ ಭೂಪಟ ತೂಗುತ್ತಿತ್ತು. ಕೋದಂಡಪ್ಪ ಅದರ ಕಡೆ ನೋಡದೆ ಕೇಳಿದ. ವೇರಾ ನೋಡಿಯೇ ಉತ್ತರ ಕೊಟ್ಟಳು: ಅದಕ್ಕಿಂತ ಸ್ವಲ್ಪ ಜಾಸ್ತಿ.

"ಅಂಗಾದ್ರೆ ಬಸ್ಸು ಇರ್ತೈತೆ," ಎಂದು ಕದಿರಮ್ಮ ಸಮಾಧಾನಪಟ್ಟಳು. ಮಗು ಎಲ್ಲಾದರೂ ಕಣ್ಣಿಗೆ ಬಿದ್ದರೆ, ಆಯಾ ಅತ್ತಳು ಎಂದು ಈ ಅಮ್ಮ ಒಂದು ಮಾತು ಹೇಳಬೇಕು, ಅಷ್ಟೇ. ಹೆಸರೇನು ಎಂದು ವೇರಾ ಕೇಳಿದ್ದಕ್ಕೆ, "ಅವ್ರು ಏನೋ ಇಕ್ಕಿದ್ರು, ನಂಗೆ ನಾಲಿಗೆ ತಿರುಗಲ್ಲ. ನಾನು ಮುನಿರತ್ನ ಅಂತಿದ್ದೆ. ಅಂಗೆ ಕರುದ್ರೆ ಓ ಅಂತೈತೆ," ಎಂದು ಹೇಳಿ ಸಾರು ಉಕ್ಕುತ್ತದೆಂದು ಒಳಗೆ ಹೋದಳು.

ವೇರಾ ಹನ್ನೊಂದನೆಯ ಪುಟಕ್ಕೆ ಮರಳಿ, ರಷ್ಯನ್ನಿನಲ್ಲಿ ಚಿಕ್ಕದೊಂದು ಸಾಲು ಬರೆದಳು. ಏನು ಬರೆದಿರಿ ಎಂದು ಕೋದಂಡಪ್ಪ ವಿಚಾರಿಸಿದ. 'ಆ ದಿನ ಎಲ್ಲರಿಗೂ ಅಳು ಬಂದಿತ್ತು' ಎಂದು ಬರೆದೆ ಎಂದಳು. ಗಣಿಯ ವರದಿಯಲ್ಲಿ ಇಂಥದ್ದು ಇರಬಹುದೇ ಎಂದು ಅವನಿಗೆ ಅನುಮಾನ ಬಂತು. ಓದುವವರು ರಷ್ಯಾದವರು, ಅವರ ಪಾಡು ಎಂದು ಸುಮ್ಮನಾದ.

ಮುಂದಿನ ಸೋಮವಾರ ವೇರಾಳೂ ತಜ್ಞರೂ ಹೊರಟರು. ಬಂಗಾರಪೇಟೆ ಪ್ಲಾಟ್‌ಫಾರಮ್ಮಿಗೆ ಕದಿರಮ್ಮ ಯಾರೂ ಕರೆಯದೆ, ಒಗೆದ ಸೀರೆ ಉಟ್ಟು ಬಂದಿದ್ದಳು. ರೈಲಿಗೆ ಇನ್ನೂ ಸಿಗ್ನಲ್ಲು ಬಿದ್ದಿರಲಿಲ್ಲ. ಈ ಸಲ ತಡವಾಗಬಾರದೆಂದೋ ಏನೋ, ವೇರಾಳ ಎದುರು ಬಂದು ನಿಂತವಳೇ ಅಳುವುದಕ್ಕೆ ಶುರುಮಾಡಿದಳು. ಸೆರಗು ಅಡ್ಡ ಹಿಡಿಯದೆ, ಮುಖ ಮೇಲೆತ್ತಿ, ಗಟ್ಟಿಯಾಗಿ. ತಜ್ಞರು ತಮ್ಮ ಪೆಟ್ಟಿಗೆಗಳ ಕಡೆ ತಿರುಗಿಕೊಂಡರು. ಕೋದಂಡಪ್ಪ ಕೆಮ್ಮಿದ. ವೇರಾ ಕರವಸ್ತ್ರ ತೆಗೆದು ಅವಳ ಕೆನ್ನೆಗೆ ಒತ್ತಲು ಹೋದಳು. ಕದಿರಮ್ಮ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

"ಒರಸ್ಬ್ಯಾಡ ತಾಯಿ. ಸರ್ಯಾಗಿ ನೋಡ್ಕೊ. ಮುನಿರತ್ನ ಸಿಕ್ಕಿದ್ರೆ, ಇಂಗೇ ಮಾಡಿ ತೋರ್ಸು."