ಗಂಗಮ್ಮನಿಗೆ ಬಳೆ

ಕಡಲ ಮುಂದೆ ಐದು ನಿಮಿಷ ಒಬ್ಬಳೇ ನಿಲ್ಲಲು ಈ ಜನ ಬಿಡುತ್ತಾರೋ ಇಲ್ಲವೋ ಎಂಬುದೊಂದೇ ನನ್ನ ಚಿಂತೆ. ಅಷ್ಟಕ್ಕಾಗಿಯೇ ಈ ದ್ವೀಪಕ್ಕೆ ಬಂದಿದ್ದೆ. ಒಬ್ಬಳನ್ನೇ ಕಳಿಸಲು ಅಮ್ಮ ಒಪ್ಪಲಿಲ್ಲ. ಹೀಗಾಗಿ ಮೈಸೂರಿನ ಟೂರ್ ತಂಡವೊಂದನ್ನು ಸೇರಿಕೊಂಡೆ.

ದ್ವೀಪದ ರಾಜಧಾನಿಯ ಹಳೆಯ ಜೈಲು, ಮುತ್ತಿನ ಅಂಗಡಿಗಳು, ಗಡಿಯಾರದ ಕಂಬ, ಎಲ್ಲಿ ಹೋದರೂ ತಂಡದ ವಿಶಾಲಾಕ್ಷಿ ಆಂಟಿ ನನ್ನ ಕೈ ಬಿಡಲಿಲ್ಲ. ಸಂಜೆ ಕಡಲ ದಂಡೆಗೂ ಹಿಂದೆಯೇ ಬಂದರು. ಚೀಲದಿಂದ ಅರಿಶಿನ, ಕುಂಕುಮ, ಹಸಿರು ಬಳೆ ತೆಗೆದರು.

“ಇಷ್ಟು ದೂರ ಬಂದು ಗಂಗಮ್ಮನ ಪೂಜೆ ಮಾಡ್ದೆ ಹೋಗ್ಬಾರ್ದಮ್ಮ, ಬಾ.”

“ನೀವು ಮಾಡಿ ಆಂಟಿ. ನಾನು ಆ ಕಡೆ ನಿಂತಿರ್ತೀನಿ.”

“ಅಯ್ಯೋ, ಇವಳ ನಾಚಿಕೆ ನೋಡ್ರೀ! ಬೆಳಗ್ಗಿಂದ ಬಾಯೇ ಬಿಟ್ಟಿಲ್ಲ. ಹಿಂಗಾದ್ರೆ ಇವಳಿಗೆ ಗಂಡು ಹುಡುಕೋದು ಹೆಂಗೆ?”

ಜೊತೆಗೆ ಬಂದಿದ್ದ ತಂಡದವರೆಲ್ಲ ನಕ್ಕರು. ಆಂಟಿ ಬಳೆಗಳನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

“ನೀನೇ ನೀರಿಗೆ ಬಿಡು. ಒಳ್ಳೇ ಗಂಡನ್ನ ಕೊಡು ತಾಯಿ ಅಂತ ಕೇಳ್ಕೋ. ಕೊಡ್ತಾಳೆ.”

ನಾನು ಮುಷ್ಟಿ ಬಿಚ್ಚಲಿಲ್ಲ.

“ಕೊಟ್ಟಿದ್ಲು ಆಂಟಿ,” ಎಂದೆ. “ಹೋದ ವರ್ಷ ಇದೇ ನೀರಲ್ಲಿ ವಾಪಸ್ ತಗೊಂಡ್ಲು.”