ತಣ್ಣಗಿದ್ದ ಮೋಟಾರು

ಮೋಟಾರು ಓಡಲು ಶುರುವಾಗಿ ಸಾಕಷ್ಟು ಹೊತ್ತಾದರೂ ಅದರ ಮೈ ತಣ್ಣಗೇ ಇತ್ತು. ಮಳವಳ್ಳಿಯ ಅಕ್ಕಿ ಗಿರಣಿಯ ಸಾಹುಕಾರ ಕೆಂಪಸಿದ್ದಯ್ಯ ಅದರ ಮೇಲೆ ಅಂಗೈಯಿಟ್ಟು ನೋಡಿ, ರಿಪೇರಿ ಎಂದರೆ ಹೀಗಿರಬೇಕು ಎಂದು ಎಲ್ಲರಿಗೂ ಕೇಳುವಂತೆ ಹೊಗಳಿದ. ಹೊರಗೆ ಕಿರುಗಾವಲು ಕಡೆಯಿಂದ ಭತ್ತ ಹೇರಿಕೊಂಡು ಬಂದ ಗಾಡಿಗಳು ಸಾಲಾಗಿ ನಿಂತಿದ್ದವು. ರಿಪೇರಿ ಮಾಡಿದ ಚಿಕ್ಕನಂಜಮ್ಮ ಮಾತ್ರ ಮೋಟಾರಿನ ಹತ್ತಿರ ಬಗ್ಗಿ ಮೂಸಿ ನೋಡಿ, ನಿಲ್ಲಿಸಿ ಎಂದಳು.

ಎರಡನೆಯ ಮಹಾಯುದ್ಧ ಶುರುವಾದ ಮೇಲೆ ರಾಮಾನುಜ ಅಯ್ಯಂಗಾರರ ವರ್ಕ್‌ಶಾಪಿನ ಕೆಲಸಗಾರರು ಸೈನ್ಯಕ್ಕೆ ಸೇರಿಹೋಗಿದ್ದರು. ಅಲ್ಲಿ ಕಸ ಗುಡಿಸುತ್ತಿದ್ದ ಚಿಕ್ಕನಂಜಮ್ಮನ ಬೆರಳಿನ ಚುರುಕು ಕಂಡು ಅಯ್ಯಂಗಾರರು ಅವಳಿಗೇ ಕೆಲಸ ಕಲಿಸಿದರು. ತಾಮ್ರದ ತಂತಿಯ ಸುರುಳಿಗೆ ನೂಲಿನ ಪಟ್ಟಿ ಸುತ್ತಬೇಕು, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಅದಕ್ಕೆ ಕುಡಿಸಬೇಕು, ಆಮೇಲೆ ಹದವಾದ ಕಾವಿನಲ್ಲಿ ಬೇಯಿಸಬೇಕು. ನೂಲೂ ಅರಗೂ ಒಂದಾಗಿ ಕೊಂಬಿನಂತೆ ಗಟ್ಟಿಯಾದರೆ ಕರೆಂಟು ಆಚೆ ಹಾಯುವುದಿಲ್ಲ. ಗಂಡಸರ ಕೆಲಸಕ್ಕೆ ಕೈ ಹಾಕಿದಳೆಂದು ಊರಿನವರು ಆಡಿಕೊಂಡರು. ಅರಗಿನ ಕಲೆಯ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳದೆ ಅವಳು ಪೇಟೆಯ ನಡುವೆಯೇ ಓಡಾಡಿದಳು.

ಮೋಟಾರು ನಿಂತಿತು. ಅವಳು ಪಕ್ಕದ ಮುಚ್ಚಳ ಬಿಚ್ಚಿ ಸುರುಳಿಗೆ ಬೆರಳು ತಾಗಿಸಿದವಳು ತಟ್ಟನೆ ಹಿಂದಕ್ಕೆಳೆದುಕೊಂಡಳು. ಹೊರಗೆ ತಣ್ಣಗಿದ್ದದ್ದು ಒಳಗೆ ಕೆಂಡದಂತಿತ್ತು. ಅವಳ ಜೊತೆ ಬಂದಿದ್ದ ಅಯ್ಯಂಗಾರರೂ ಮುಟ್ಟಿ ನೋಡಿ, ಪಟ್ಟಿ ಎಷ್ಟು ಸುತ್ತು ಬಂದಿದೆ ಎಂದು ಮೆಲ್ಲಗೆ ಕೇಳಿದರು.

“ನೀವಂದಿದ್ಕಿಂತ ಜಾಸ್ತಿ ಸುತ್ತಿವ್ನಿ, ಅಯ್ನೋರೆ,” ಎಂದಳು.

ಯಾಕೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವಳ ಗಂಡ ಹುಚ್ಚೀರಯ್ಯ ಅದೇ ಗಿರಣಿಯಲ್ಲಿ ಮೋಟಾರಿಗೆ ಎಣ್ಣೆ ಬಿಡುವವನು. ಹಳೆಯ ಸುರುಳಿ ಸುಟ್ಟ ದಿನ ಕರೆಂಟು ಹೊಡೆದು ಗೋಡೆಯ ಬುಡಕ್ಕೆ ಹೋಗಿ ಬಿದ್ದಿದ್ದ. ಎಡಗೈ ಇನ್ನೂ ಸರಿಯಾಗಿ ಮಡಿಸಲು ಬರುತ್ತಿರಲಿಲ್ಲ. ಪಟ್ಟಿ ಸುತ್ತುವಾಗಲೆಲ್ಲ ಆ ಕೈ ಅವಳ ಕಣ್ಣಿಗೆ ಕಟ್ಟುತ್ತಿತ್ತು.

ಅಯ್ಯಂಗಾರರು ಎಲ್ಲರಿಗೂ ಬಿಡಿಸಿ ಹೇಳಿದರು. ಪಟ್ಟಿ ದಪ್ಪವಾದರೆ ಅರಗು ಒಳಗಿನ ಪದರಕ್ಕೆ ಇಳಿಯುವುದಿಲ್ಲ, ನಡುವೆ ಗಾಳಿ ಉಳಿದುಬಿಡುತ್ತದೆ. ತಾಮ್ರದ ಕಾವು ಹೊರಗಿನ ಕಬ್ಬಿಣಕ್ಕೆ ದಾಟಲಾರದೆ ಅಲ್ಲೇ ಕೂಡಿಕೊಂಡು ಕೊನೆಗೆ ಅರಗನ್ನೇ ಸುಡುತ್ತದೆ. ಕೆಂಪಸಿದ್ದಯ್ಯನಿಗೆ ಕಣ್ಣೆಲ್ಲ ಗಾಡಿಗಳ ಮೇಲೆ. ಸುಗ್ಗಿ ಕಳೆಯುವ ತನಕ ಹೇಗೋ ಓಡಲಿ ಎಂದ. ಹುಚ್ಚೀರಯ್ಯನೂ, ಪಟ್ಟಿ ದಪ್ಪಗಿದ್ದರೆ ತನಗೇ ಒಳ್ಳೆಯದಲ್ಲವೇ ಎಂದು ದನಿಗೂಡಿಸಿದ.

“ಜ್ವರ ಬಂದೋರ್ಗೆ ಕಂಬ್ಳಿ ಮೇಲೆ ಕಂಬ್ಳಿ ಒದ್ಸಿವ್ನಿ ಕಣಯ್ಯ,” ಎಂದಳು ಅವಳು ಗಂಡನಿಗೆ. “ನೀನು ಎಣ್ಣೆ ಬುಡೋವಾಗ್ಲೇ ಸುಟ್ಟೋದ್ರೆ? ನಾನ್ ಮಾಡಿದ್ ಕೆಲ್ಸ ಅಂಗಾಗ್ಬಾರ್ದು.”

ಸುತ್ತಿದ ಪಟ್ಟಿಯನ್ನು ಕುಯ್ದು ಬಿಚ್ಚಲು ಅವಳು ಚಾಕು ತೆಗೆದುಕೊಂಡಳು. ಕೆಂಪಸಿದ್ದಯ್ಯ ಅಡ್ಡ ಬಂದು, ನೀವಾದರೂ ಹೇಳಿ ಎಂಬಂತೆ ಅಯ್ಯಂಗಾರರ ಮುಖ ನೋಡಿದ.

“ಕಟ್ಟಿದವಳು ಅವಳು. ಬಿಚ್ಚೋ ಹಕ್ಕೂ ಅವಳದೇ,” ಎಂದರು ಅಯ್ಯಂಗಾರರು.

ಗಾಡಿಯವರು ಬೈದುಕೊಂಡು ಹಿಂದಿರುಗಿದರು. ಚಿಕ್ಕನಂಜಮ್ಮ ವರ್ಕ್‌ಶಾಪಿನಲ್ಲಿ ಮತ್ತೆ ಮೊದಲಿನಿಂದ ಕೆಲಸಕ್ಕೆ ಕೂತಳು. ಈ ಸಲ ಪಟ್ಟಿಯನ್ನು ಹೇಳಿದಷ್ಟೇ ಸುತ್ತಿದಳು, ಆದರೆ ಕೂದಲೆಳೆಯೂ ತೂರದಂತೆ ಬಿಗಿದು ಸುತ್ತಿದಳು. ನೂಲು ಇನ್ನು ಸಾಕು ಅನ್ನುವವರೆಗೆ ಅರಗು ಕುಡಿಸಿದಳು. ಬೇಯಿಸಿ, ಆರಿಸಿ, ಮತ್ತೆ ಕುಡಿಸಿ, ಮತ್ತೆ ಬೇಯಿಸಿದಳು.

ಮೋಟಾರು ಮತ್ತೆ ಗಿರಣಿಗೆ ಬಂದು ತಿರುಗತೊಡಗಿತು. ಬೇಗನೇ ಅದರ ಮೈ ಬಿಸಿಯೇರಿತು. ಕೆಂಪಸಿದ್ದಯ್ಯನ ಮುಖ ಇಳಿದುಹೋಯಿತು. ಅವಳು ನಿಲ್ಲಿಸಿ, ಮುಚ್ಚಳ ತೆಗೆದು, ಒಂದು ಕೈ ಸುರುಳಿಯ ಮೇಲೂ ಇನ್ನೊಂದು ಕೈ ಕಬ್ಬಿಣದ ಮೇಲೂ ಇಟ್ಟಳು. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಬಿಸಿ. ಸುಟ್ಟ ಅರಗಿನ ವಾಸನೆಯೇ ಇರಲಿಲ್ಲ.

“ಒಳಗಿನ ಕಾವು ಈಚೆಗೆ ಬತ್ತಾ ಅದೆ. ಬರ್ಲಿ ಬುಡಿ,” ಎಂದಳು.

ಸುಗ್ಗಿ ಪೂರ್ತಿ ಮೋಟಾರು ಒಂದು ದಿನವೂ ಕೈ ಕೊಡಲಿಲ್ಲ. ಬೇಸಿಗೆಯಲ್ಲಿ ಹಲಗೂರಿನ ಗಿರಣಿಯವನೊಬ್ಬ ತನ್ನ ಮೋಟಾರು ಸುಟ್ಟಿದೆಯೆಂದು ಹುಡುಕಿಕೊಂಡು ಬಂದು, ಇದನ್ನು ಕಟ್ಟಿದವರು ಯಾರು ಎಂದು ವಿಚಾರಿಸಿದ. ಕೆಂಪಸಿದ್ದಯ್ಯ ಎದೆಯುಬ್ಬಿಸಿ, ನಮ್ಮ ಹುಚ್ಚೀರಯ್ಯನ ಹೆಂಡತಿ ಎಂದ.

ಎಣ್ಣೆ ಡಬ್ಬಿ ಹಿಡಿದು ಅಲ್ಲೇ ನಿಂತಿದ್ದ ಹುಚ್ಚೀರಯ್ಯ ಡಬ್ಬಿಯನ್ನು ಕೆಳಗಿಟ್ಟ.

“ಚಿಕ್ಕನಂಜಮ್ಮ ಅನ್ನಿ, ಸಾವ್ಕಾರ್ರೆ,” ಎಂದ. “ನಾನು ಅವಳ ಗಂಡ.”