ಎರಡು ಸಲ ಕರಗಿದ ಅರಗು

ಮೊಹರಿನ ಅರಗು ಎರಡು ಸಲ ಕರಗಿದಂತಿತ್ತು. ಕೆರೆಯ ಮಣ್ಣಿನ ಡಬ್ಬಿಯನ್ನು ಪ್ರಯೋಗಾಲಯದ ಮೇಜಿನ ಮೇಲಿಟ್ಟು ಅವಳು ಡ್ರೈವರನ ಮುಖ ನೋಡಿದಳು. ಅವನು ಗೋಡೆಯ ಕ್ಯಾಲೆಂಡರ್ ನೋಡಿದ. ಪ್ಯಾಂಟಿನ ಅಂಚು ಒದ್ದೆಯಾಗಿತ್ತು.

ಮೂರು ವರ್ಷ ಆ ಕೆರೆಯ ತಳದ ಮಣ್ಣು ಅವಳ ಪರೀಕ್ಷೆಯಲ್ಲಿ ಚೊಕ್ಕವಾಗಿಯೇ ಪಾಸಾಗಿತ್ತು. ಕಂದು ಬಣ್ಣ, ಹಿತವಾದ ವಾಸನೆ. ಒಮ್ಮೊಮ್ಮೆ ಸತ್ತ ಇರುವೆ ಸಿಕ್ಕರೆ ಚಿಮಟದಿಂದ ಎತ್ತಿ ಬಿಸಾಡುತ್ತಿದ್ದಳು, ಅಷ್ಟೆ. ಆ ವರದಿಗಳನ್ನು ನಂಬಿಯೇ ಅಕ್ಕ ಕೆರೆದಂಡೆಯಲ್ಲಿ ಮನೆ ಕೊಂಡಿದ್ದಳು. ನೀನೇ ಸಹಿ ಹಾಕಿದ್ದೀಯಲ್ಲ, ಇನ್ನೇನು ಹೆದರಿಕೆ ಎಂದು ನಗುತ್ತಾ ಆ ನೀರನ್ನೇ ಕುಡಿಯುತ್ತಿದ್ದಳು.

ಈ ಡ್ರೈವರ್ ಬಂದು ನಾಲ್ಕು ತಿಂಗಳು. ಅಂದಿನಿಂದ ಪ್ರತಿ ತಿಂಗಳೂ ಡಬ್ಬಿ ತೆರೆದರೆ ಕರಿ ಕೆಸರು, ಮೂಗು ಮುಚ್ಚಿಕೊಳ್ಳುವಂಥ ನಾತ, ಮಿತಿ ಮೀರಿದ ಸೀಸ.

ಕೆರೆಗೆ ನೀರು ಬಿಡುವ ಗುಡ್ಡದಾಚೆಯ ಗಣಿಗೆ ಆಗದವರು ಯಾರೋ ಅವನ ಕೈ ಬೆಚ್ಚಗೆ ಮಾಡಿರಬೇಕು ಎಂದಿದ್ದರು ಅವಳ ಮೇಲಧಿಕಾರಿ ಸಾಹೇಬರು. ಕೆರೆಯಿಂದ ಮಣ್ಣು ತೆಗೆದು, ಮೊಹರು ಹಾಕಿ, ತಮ್ಮ ಮನೆ ಗೇಟಿನ ಗುಲಾಬಿ ಕುಂಡಗಳ ಪಕ್ಕ ನಿಂತು ಡಬ್ಬಿಯನ್ನು ಅವನ ಕೈಗೆ ಕೊಡುವವರು ಅವರೇ. ನಾಲ್ಕೂ ವರದಿ ರದ್ದು ಮಾಡಿ, ಅವನ ಮೇಲೊಂದು ದೂರು ಬರೆದುಕೊಡಮ್ಮಾ ಎಂದು ಮೃದುವಾಗಿ ಹೇಳಿದ್ದರು.

ಅವಳಿಗೂ ಅದೇ ಬೇಕಿತ್ತು. ಅವನು ಕಳ್ಳನಾದರೆ, ಅಕ್ಕನ ಮಗಳ ಹೊಟ್ಟೆನೋವು ಬರೀ ಹೊಟ್ಟೆನೋವು.

ಮುಂದಿನ ಸಲ ಸ್ಕೂಟರಿನಲ್ಲಿ ಹಿಂಬಾಲಿಸಿದಳು. ಅಂದುಕೊಂಡ ಹಾಗೇ ಆಯಿತು. ಕೆರೆದಂಡೆಯಲ್ಲಿ ಜೀಪು ನಿಂತಿತು. ಅವನು ಬೆಂಕಿಕಡ್ಡಿ ಗೀರಿ ಮೊಹರು ಸಡಿಲಿಸಿ, ಡಬ್ಬಿಯ ಮಣ್ಣನ್ನು ಪೊದೆಯ ಬುಡಕ್ಕೆ ಸುರಿದ. ಪ್ಯಾಂಟು ಮಡಚಿ, ಖಾಲಿ ಡಬ್ಬಿ ಹಿಡಿದು ನೀರಿಗಿಳಿಯಹೊರಟ.

"ಎಷ್ಟು ಕೊಟ್ರು ನಿಂಗೆ?"

ಅವನು ಬೆಚ್ಚಲಿಲ್ಲ. "ಈ ನಾತಕ್ಕೆ ಯಾರು ದುಡ್ಡು ಕೊಡ್ತಾರೆ, ಮೇಡಂ? ನಮ್ಮಮ್ಮನೂ ಇದೇ ದಂಡೇಲಿ ಇರೋದು."

"ಸಾಹೇಬರು ತೆಗೆದ ಮಣ್ಣು ಚೆಲ್ಲಿದೆಯಲ್ಲ, ಅದಕ್ಕೇನು ಹೇಳ್ತೀಯ?"

"ಸಾಹೇಬರು ಈ ನೀರಿಗೆ ಇಳಿದಿದ್ದನ್ನ ಇಲ್ಲಿ ಯಾರೂ ನೋಡಿಲ್ಲ. ಚೆಲ್ಲಿದ್ದು ಅಲ್ಲೇ ಇದೆ, ನೀವೇ ನೋಡ್ಕೊಳ್ಳಿ."

ಸಾಕ್ಷಿಗೆ ಒಂದು ಹಿಡಿ ಇರಲೆಂದು ಅವಳು ಕರವಸ್ತ್ರ ಬಿಡಿಸಿ ಬಾಗಿದಳು.

ಕೆರೆಯ ತಳದ್ದೆಂದು ಮೊಹರು ಬಿದ್ದಿದ್ದ ಆ ಕಂದು ಮಣ್ಣಿನೊಳಗಿಂದ ಒಂದು ಇರುವೆ, ಜೀವಂತವಾಗಿ, ಹೊರಬಂದು ತನ್ನ ಪಾಡಿಗೆ ತಾನು ನಡೆಯತೊಡಗಿತು.